ಇಳಿಯುವ ಮುನ್ನ ಒಂದು ನಾಮಾವಳಿ

ಪಾಂಡುರಂಗನೇ ದಿಕ್ಕು

ಕರಿಹೊಳಿ ಗ್ರಾಮ. ಶಾಲಿವಾಹನ ಶಕೆ ೨೧೧೦, ಸರ್ವಧಾರಿ ಸಂವತ್ಸರ, ಕಾರ್ತಿಕ ಶುದ್ಧ ಏಕಾದಶಿ. ನಿಮ್ಮ ಇಸವಿಯ ಲೆಕ್ಕದಲ್ಲಿ ಎರಡು ಸಾವಿರದ ನೂರಾ ಎಂಬತ್ತೆಂಟು.

ಪೂಜ್ಯ ಪ್ರಮೀಳಾ ಅತ್ತಿಯವರಿಗೆ ಸಾವಂತ್ರೆವ್ವನ ನಮಸ್ಕಾರಗಳು.

ಇಂದು ನನ್ನದು ನಿರಾಹಾರ. ನೀರು ಮತ್ತು ತುಳಸಿ ಎಲೆ ಬಿಟ್ಟರೆ ನಾಳೆ ಪಾರಣೆಯ ತನಕ ಏನೂ ಇಲ್ಲ. ಬೆಳಗಾಗುವ ಮುಂಚೆ ಎದ್ದು ಅಂಗಳಕ್ಕೆ ಸೆಗಣಿ ನೀರು ಹಾಕಿದೆ, ತುಳಸಿ ಕಟ್ಟೆ ತೊಳೆದು ರಂಗೋಲಿ ಬಿಟ್ಟೆ, ಆಕಳ ಹಾಲು ಹಿಂಡಿದೆ, ಉಪವಾಸ ಇಲ್ಲದವರಿಗಾಗಿ ರೊಟ್ಟಿ ಬಡಿದೆ. ಉಪವಾಸದವಳು ರೊಟ್ಟಿ ಬಡಿಯುವಾಗ ಹಸಿವು ಮೂಗಿನಿಂದ ಒಳಗೆ ಬರುತ್ತದೆ. ನೀವೂ ಏಕಾದಶಿ ಮಾಡುತ್ತಿದ್ದವರು, ನಿಮಗೆ ಹೇಳಬೇಕಾಗಿಲ್ಲ. ಈಗ ಹೊತ್ತು ಏರಿದೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದೇನೆ. ಪಕ್ಕದಲ್ಲಿ ನಮ್ಮ ಅತ್ತೆ ರಖಮವ್ವನವರು ಗೋಡೆಗೆ ಒರಗಿ ಜಪಮಣಿ ತಿರುಗಿಸುತ್ತಿದ್ದಾರೆ.

ನಾನು ಊರ ಶಾಲೆಯಲ್ಲಿ ಕಲಿತವಳು. ನನ್ನ ಮಾತು ನಿಮಗೆ ವಿಚಿತ್ರ ಕಾಣಬಹುದು. ನಮ್ಮ ಕಾಲದಲ್ಲಿ ಕೆಲವು ಶಬ್ದ ಸತ್ತಿವೆ, ಕೆಲವು ಹುಟ್ಟಿವೆ. ತಿಳಿಯದ ಕಡೆ ಬಿಡಿಸಿ ಹೇಳುತ್ತ ಹೋಗುತ್ತೇನೆ, ಹೆಚ್ಚು ಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಕರೆಯುವುದು ಹೇಗೆಂಬುದೂ ನನಗೊಂದು ತೊಡಕಾಗಿತ್ತು. ನೀವು ಇದನ್ನು ಓದುವ ಹೊತ್ತಿಗೆ ನಲವತ್ತರ ಆಸುಪಾಸಿನವರು, ನನಗೆ ಐವತ್ತು ತುಂಬಿದೆ. ಆದರೆ ನಮ್ಮ ಅತ್ತೆಯ ಅತ್ತೆ, ಅವರ ಅತ್ತೆ ಎಂದು ಹಿಂದಕ್ಕೆ ಎಣಿಸುತ್ತ ಹೋದರೆ ಈ ಮನೆಯ ಹೊಸ್ತಿಲಲ್ಲಿ ನೀವು ನಿಂತಿರುತ್ತೀರಿ. ಒಬ್ಬರ ಹೊಟ್ಟೆಯಲ್ಲಿ ಇನ್ನೊಬ್ಬರು ಹುಟ್ಟದೆಯೇ ಬಂದ ಸಾಲು ಇದು. ಒಬ್ಬ ಸೊಸೆ ಇನ್ನೊಬ್ಬ ಸೊಸೆಗೆ ಒಲೆ, ಕೀಲಿಕೈ, ಕಥೆ ಒಪ್ಪಿಸುತ್ತ ಬಂದದ್ದು. ಆದ್ದರಿಂದ ಅತ್ತಿ ಎಂದೇ ಕರೆಯುತ್ತೇನೆ.

ಕಾರ್ತಿಕ ಏಕಾದಶಿಯಂದು ಹಿಂದಿನವರಿಗೆ ಓಲೆ ಬರೆಯುವುದು ನಮ್ಮ ಸೀಮೆಯ ಪದ್ಧತಿ. ನಿಮ್ಮ ಕಾಲದಲ್ಲಿ ಇದು ಇರಲಿಲ್ಲ ಎಂದು ಕೇಳಿದ್ದೇನೆ. ಪ್ರತಿ ಮನೆಯಲ್ಲಿ ಕೀಲಿಕೈ ಹಿಡಿದ ಹೆಣ್ಣುಮಗಳು ಒಬ್ಬ ಪೂರ್ವಜರನ್ನು ನೆನೆದು ಬರೆಯುತ್ತಾಳೆ, ದೀಪದ ಮುಂದೆ ಗಟ್ಟಿಯಾಗಿ ಓದುತ್ತಾಳೆ, ಆಮೇಲೆ ಕಾಗದವನ್ನು ಹೊಳೆಗೆ ಬಿಡುತ್ತಾಳೆ. ದೀಪದ ಮುಂದೆ ಓದಿದ ಮಾತು ಹಿಂದಕ್ಕೆ ಹೋಗಿ ಮುಟ್ಟುತ್ತದೆ ಎಂಬ ನಂಬಿಕೆ. ಉತ್ತರ ಬರುವುದಾದರೆ ತುಳಸಿ ಕಟ್ಟೆಯ ಹಿಂಬದಿಯ ಗೂಡಿನಲ್ಲಿ ಬರುತ್ತದೆ, ಅದನ್ನು ಬರೆದವಳು ತಾನೇ ತೆಗೆಯಬಾರದು, ಬೇರೆ ಕೈ ತೆಗೆಯಬೇಕು. ಇಲ್ಲಿಯ ತನಕ ಯಾರಿಗೂ ಉತ್ತರ ಬಂದದ್ದು ನಾನು ಕೇಳಿಲ್ಲ. ಅದಕ್ಕೆ ಕಾರಣ ಹಿರಿಯರಲ್ಲ, ನಾವೇ ಎಂದು ಈಚೆಗೆ ಅನ್ನಿಸುತ್ತಿದೆ. ಎಲ್ಲರೂ ಆಶೀರ್ವಾದ ಬೇಡುತ್ತಾರೆ. ಆಶೀರ್ವಾದಕ್ಕೆ ಯಾರು ಕಾಗದ ಬರೆಯುತ್ತಾರೆ? ಉತ್ತರ ಬೇಕಾಗುವಂಥ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ. ನಾನು ಕೇಳುತ್ತೇನೆ. ನಿಮ್ಮ ಕಾರಿನ ವಿಷಯ ಕೇಳುತ್ತೇನೆ.

ಹೌದು ಅತ್ತಿ, ನಿಮ್ಮ ಕಾರು ಇದೆ. ಊರ ಮಾರುತಿ ಗುಡಿಯ ಪಕ್ಕದಲ್ಲಿ ಅದಕ್ಕೊಂದು ಮನೆಯಿದೆ, ಅದನ್ನು ಉಸಿರುಮನೆ ಎನ್ನುತ್ತೇವೆ. ತಾನೇ ಗಾಳಿ ಎಳೆದು ತಾನೇ ಬೆಂಕಿ ಮಾಡಿಕೊಂಡು ಓಡುವ ಯಂತ್ರಕ್ಕೆ ನಾವು ಉಸಿರುಯಂತ್ರ ಎನ್ನುತ್ತೇವೆ. ಅಂಥವು ನಿಮ್ಮ ಕಾಲದಲ್ಲಿ ಬೀದಿಗೆ ನೂರು ಇದ್ದುವಂತೆ, ನಮ್ಮಲ್ಲಿ ಇದೊಂದೇ ಉಳಿದದ್ದು. ಉಳಿದವೆಲ್ಲ ಕರಗಿ ನೇಗಿಲು, ಕೊಳವೆ, ಸೇತುವೆ ಆಗಿವೆ. ನಮಗೆ ಇರುವುದು ಬಿಸಿಲುಬಂಡಿ. ನೆತ್ತಿಯ ಮೇಲಿನ ಹಲಗೆಯಿಂದ ಸೂರ್ಯನನ್ನು ಕುಡಿದು ಓಡುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಸಾಧು ಪ್ರಾಣಿ. ಆದರೆ ಅದರ ದೌಡು ಕಡಿಮೆ. ಹೊತ್ತು ಮುಳುಗುವುದರೊಳಗೆ ತನ್ನ ಠಾಣೆಗೆ ಮರಳಬೇಕು. ಸಂತೆಗೆ ಸರಿ, ಆಸ್ಪತ್ರೆಗೆ ಸರಿ, ಮಗಳ ಮನೆಗೆ ಸರಿ. ಪಂಢರಪುರ ಅದಕ್ಕೆ ನಿಲುಕದ ಮಾತು. ಪಂಢರಪುರಕ್ಕೆ ನಾವು ಮತ್ತೆ ಕಾಲಿನ ಮೇಲೆಯೇ ಹೋಗುತ್ತೇವೆ, ನಿಮಗಿಂತ ಹಿಂದಿನವರು ಹೋದ ಹಾಗೆ. ತಾಳ ಹಿಡಿದು, ಪತಾಕೆ ಹಿಡಿದು, ಹೊಲದ ಬದುವಿನಲ್ಲಿ ಮಲಗಿ ಎದ್ದು. ನಮ್ಮ ಮನೆಯವರೂ ಈ ಸಲದ ದಿಂಡಿಯ ಯಾತ್ರಿಕರ ಜೊತೆ ನಡೆದು ಹೋಗಿದ್ದಾರೆ. ನಾನಿದನ್ನು ಬರೆಯುವ ಹೊತ್ತಿಗೆ ಚಂದ್ರಭಾಗೆಯಲ್ಲಿ ಮಿಂದು ಸಾಲಿನಲ್ಲಿ ನಿಂತಿರುತ್ತಾರೆ.

ನಡೆಯಲಾರದವರು ಮನೆಯಲ್ಲಿ ಉಳಿಯುತ್ತಾರೆ. ನಮ್ಮ ಅತ್ತೆ ಉಳಿದಿದ್ದಾರೆ. ಅವರು ಹರೆಯದಲ್ಲಿ ಪ್ರತಿ ವರ್ಷ ನಡೆದವರು. ಮೊಣಕಾಲು ಹೋದ ಮೇಲೆ ಬಾಗಿಲ ತನಕ, ಆಮೇಲೆ ಕಂಬದ ತನಕ, ಈಗ ಚಾಪೆಯ ತನಕ. ಒಂದೇ ಒಂದು ಸಲ ಮತ್ತೆ ಅವನ ಪಾದಕ್ಕೆ ಹಣೆ ಹಚ್ಚಬೇಕು ಎಂಬುದು ಅವರ ಆಸೆ. ನಾನು ಸಮಾಧಾನ ಹೇಳಲು ಹೋದರೆ ನನ್ನನ್ನೇ ಗದರುತ್ತಾರೆ. ಮೊನ್ನೆ, “ಇರ್ಲಿ ಬಿಡ್ರಿ ಅತ್ತಿ, ವಿಠ್ಠಲ ಎಲ್ಲಿ ಹೊಕ್ಕಾನ” ಅಂದೆ.

“ಅಂವ ಎಲ್ಲಿಗೂ ಹೋಗೂದಿಲ್ಲವಾ, ಇಟ್ಟಂಗಿ ಮ್ಯಾಲ ನಿಂತಾಂವ ನಿಂತಾನ. ಹೋಗಾಕಿ ನಾನ ಅದೇನಿ” ಅಂದರು.

ರೊಟ್ಟಿ ಹೊತ್ತುತ್ತದೆ ಎಂಬ ನೆವ ಮಾಡಿ ಒಳಗೆ ಹೋದೆ.

ನೀವು ಏಕಾದಶಿಗೆ ಊರ ಮುದುಕಿಯರನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಬೆಳಕು ಹರಿಯುವಾಗ ಹೊರಟರೆ ಬಿಸಿಲೇರುವುದರೊಳಗೆ ಪಂಢರಪುರದಲ್ಲಿ ಇರುತ್ತಿದ್ದಿರಂತೆ. ಒಂದು ಬೆಳಗು! ನಮಗೆ ಅದು ದೇವರ ಕಥೆಯ ಹಾಗೆ ಕೇಳಿಸುತ್ತದೆ, ಪುಷ್ಪಕ ವಿಮಾನದ ಹಾಗೆ. ನೀವು ಆ ಬೆಳಗನ್ನು ಸಾಮಾನ್ಯ ಎಂದೇ ತಿಳಿದಿರುತ್ತೀರಿ. ಕಿಟಕಿಯ ಗಾಳಿ, ಹಿಂದಿನ ಸೀಟಿನಲ್ಲಿ ಮುದುಕಿಯರ ಹಾಡು, ದಾರಿಯಲ್ಲಿ ಎಲ್ಲೋ ನಿಲ್ಲಿಸಿ ಚಹಾ. ನನಗೆ ಆ ಚಹಾದ ಅಂಗಡಿಯೂ ಬೇಕೆನಿಸುತ್ತದೆ. ಪೆಟ್ರೋಲಿನ ವಾಸನೆ ಹೇಗಿತ್ತು ಅತ್ತಿ? ಕೆಲವರು ತಲೆನೋವು ಎನ್ನುತ್ತಾರೆ, ಕೆಲವರು ಮೊದಲ ಮಳೆಯ ಹಾಗೆ ಮತ್ತೆ ಮತ್ತೆ ಮೂಸಬೇಕು ಅನ್ನಿಸುತ್ತಿತ್ತು ಎನ್ನುತ್ತಾರೆ. ಇಬ್ಬರೂ ಮೂಸಿದವರಲ್ಲ.

ನಿಮ್ಮ ಎಂಜಿನಿನ ವಿವರ ನಮ್ಮೂರಲ್ಲಿ ಬೀಸುವ ಹಾಡಾಗಿ ಉಳಿದಿದೆ. ಕಾರಿನ ಜೊತೆ ಬಂದ ಪುಸ್ತಕ ಗೆದ್ದಲು ತಿಂದು ಎಂದೋ ಹೋಯಿತು, ಹಾಡಿಗೆ ಗೆದ್ದಲು ಹತ್ತಲಿಲ್ಲ.

ಮೂರ ಗಡಿಗಿ ತಾಯಿ, ಹನ್ನೆರಡ ಕದದಾಕಿ
ನೂರ ಹದಿನೆಂಟ ಕುದುರೀಯ | ಎಳಿಯವ್ವ
ಊರ ಮುದಕೇರ್ನ ಮುಟ್ಟಿಸ

ಮೂರು ಗಡಿಗೆ ಎಂದರೆ ಬೆಂಕಿ ಹೊತ್ತುವ ಮೂರು ಕೊಳವೆ, ನೀವು ಸಿಲಿಂಡರ್ ಅನ್ನುತ್ತಿದ್ದದ್ದು. ಒಂದೊಂದಕ್ಕೂ ಗಾಳಿ ಬರಲು ಎರಡು ಕದ, ಹೊಗೆ ಹೋಗಲು ಎರಡು ಕದ. ಮೂರೂ ಗಡಿಗೆ ಸೇರಿಸಿದರೆ ಒಂದು ತುಂಬು ತಂಬಿಗೆ ನೀರು ಹಿಡಿಯುವಷ್ಟೇ ಜಾಗ. ಅಷ್ಟರಲ್ಲಿ ನೂರಾ ಹದಿನೆಂಟು ಕುದುರೆಯ ಬಲ ಎಲ್ಲಿಂದ ಬಂತು ಎಂದು ಹೊಸ ಸೊಸೆಯಾಗಿದ್ದಾಗ ಬೀಸುತ್ತ ಬೀಸುತ್ತ ಯೋಚಿಸುತ್ತಿದ್ದೆ. ಅದರ ಗುಟ್ಟು ಮರುಉಸಿರು. ನೀವು ಟರ್ಬೊ ಅಂದದ್ದನ್ನು ನಾವು ಮರುಉಸಿರು ಎನ್ನುತ್ತೇವೆ. ಬಿಟ್ಟ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒತ್ತಿ ಗಡಿಗೆಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಬೆಂಕಿ ಹೆಚ್ಚು. ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತದಂತೆ ಆ ಚಕ್ರ, ಜಪಕ್ಕೆ ಕುಳಿತಿದ್ದರೆ ಎಷ್ಟು ಪುಣ್ಯ ಬರುತ್ತಿತ್ತೋ. ಎಂಜಿನ್ ನಿಧಾನ ತಿರುಗುವಾಗ ಅದು ನಿದ್ದೆಯಲ್ಲಿರುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರದ ಏಳುನೂರು ಸುತ್ತು ದಾಟಿದ ಮೇಲೆ ಎದ್ದು ಹೆಗಲು ಕೊಡುತ್ತದೆ. ಎಚ್ಚರವಾಗುವ ಮೊದಲೇ ದೊಡ್ಡ ಗೇರಿನಲ್ಲಿ ಹಾಕಿ ಒತ್ತಿದರೆ ಗಡಿಗೆಯೊಳಗೆ ಹೊತ್ತಲ್ಲದ ಹೊತ್ತಿನಲ್ಲಿ ಬೆಂಕಿ ಹತ್ತಿ ಟಕ್ ಟಕ್ ಎಂದು ಬಡಿಯುತ್ತದೆ. ಏರಿನಲ್ಲಿ ಎತ್ತಿಗೆ ಬಾರುಕೋಲು ಬೀಸಿದ ಹಾಗೆ ಅದು, ಎತ್ತು ಎಳೆಯುತ್ತದೆ, ಆದರೆ ಒಳಗೆ ಏನೋ ಮುರಿಯುತ್ತದೆ.

ಇಂಥ ತಾಯಿಯನ್ನು ನಾವು ಹೇಗೆ ನೋಡಿಕೊಂಡೆವು ಎಂದು ಹೇಳಿದರೆ ನಗುತ್ತೀರೋ ಅಳುತ್ತೀರೋ ಗೊತ್ತಿಲ್ಲ. ನೀವು ಹೋದ ಮೇಲೆ ಊರವರು ಆಕೆಯನ್ನು ಮಾರಲಿಲ್ಲ, ಕರಗಿಸಲಿಲ್ಲ. ಮುದುಕಿಯರನ್ನು ದೇವರಿಗೆ ಮುಟ್ಟಿಸಿದವಳೆಂದು ಪೂಜೆಗೆ ಇಟ್ಟರು. ಆಯುಧಪೂಜೆಗೆ ಕುಂಕುಮ, ಹೂವಿನ ಸರ, ಕಾಯಿ. ಕೀಲಿ ತಿರುಗಿಸಿ, ಒಂದು ಆರತಿ ಮುಗಿಯುವಷ್ಟು ಹೊತ್ತು ಉಸಿರಾಡಿಸಿ ನಿಲ್ಲಿಸುವುದು. ಜೋಳದ ಸಿಹಿ ದಂಟಿನಿಂದ ಬಟ್ಟಿ ಇಳಿಸಿದ ಸಾರವೇ ಈಗ ಆಕೆಯ ಕುಡಿಯುವ ನೀರು. ಮತ್ತು ನರಕ ಚತುರ್ದಶಿಗೆ ಅಭ್ಯಂಜನ. ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ಎರೆಯುವ ದಿನ ಈಕೆಯೊಬ್ಬಳನ್ನು ಬಿಡುವುದು ಹೇಗೆ? ಎಣ್ಣೆಯ ಬಾಯಿ ತೆರೆದು ಒಂದು ಸೌಟು ಎಳ್ಳೆಣ್ಣೆ ಹೊಯ್ದು ಕೈಮುಗಿಯುವುದು. ಪ್ರತಿ ದೀಪಾವಳಿ, ತಲೆತಲಾಂತರ. ನಾನೂ ಹೊಯ್ದಿದ್ದೇನೆ, ಭಕ್ತಿಯಿಂದಲೇ.

ಹೋದ ವರ್ಷದ ಆಯುಧಪೂಜೆಗೆ ಕೀಲಿ ತಿರುಗಿಸಿದರೆ ಆಕೆ ಗೊರ್ ಅಂದು ಸುಮ್ಮನಾದಳು. ಉಸಿರುಮನೆಯ ಮಿಸ್ತ್ರಿ ದಾದಾಪೀರ ಬಿಚ್ಚಿ ನೋಡಿದ. ದಾದಾಪೀರನ ವಂಶಕ್ಕೇ ಆ ಮನೆಯ ಚಾಕರಿ. ಮಾತು ಬಹಳ, ತನಗೆ ತಿಳಿಯದ್ದು ಪ್ರಪಂಚದಲ್ಲೇ ಇಲ್ಲ ಎನ್ನುವವ, ಅರ್ಧ ಸಲ ಸರಿ ಇರುತ್ತಾನೆ. ಕೆಳಗಿನ ಎಣ್ಣೆಯ ತೊಟ್ಟಿ ಇಳಿಸಿ ನನ್ನನ್ನು ಕರೆದ. ಒಳಗೆ ಎಣ್ಣೆ ಎಲ್ಲಿದೆ? ಬೆಲ್ಲದ ಪಾಕ ಸೀದ ಹಾಗೆ ಕರೀ ಅಂಟು, ಮೇಲೆ ಮಜ್ಜಿಗೆಯಂಥ ಬಿಳಿ ನೊರೆ.

“ನೋಡ್ರೆಕ್ಕಾ, ಪೂಜಿ ಮಾಡಿ ಮಾಡಿ ಈಕಿನ ಗಂಟಲಾ ಕಟ್ಟಿಸೀರಿ. ಎಣ್ಣಿ ಎರದ್ರ ಕೂಸು ಬೆಳೀತೈತಿ, ಎಂಜಿನ್ ಬೆಳೀತೈತೇನ್ರಿ?” ಅಂದ.

ನನಗೆ ಸಿಟ್ಟು ಬಂತು. “ನಿಮ್ಮಪ್ಪ, ನಿಮ್ಮಜ್ಜ ಇಲ್ಲೇ ನಿಂತು ನೋಡತಿದ್ರಲ್ಲೋ ದಾದಾ. ಹೋಳಿಗಿ ತಿಂದು ಹೋಗೂವಾಗ ಒಂದ ಮಾತ ಹೇಳಾಕ ಏನಾಗಿತ್ತ ಅವರಿಗೆ?”

“ಹೋಳಿಗಿ ಬಾಯಾಗ ಇತ್ತಲ್ರೀ, ಹೆಂಗ ಹೇಳ್ತಾರ!”

ನಕ್ಕೆವು. ಆದರೆ ಆ ರಾತ್ರಿ ಊಟ ಸೇರಲಿಲ್ಲ. ಮುಟ್ಟದೆ, ಓಡಿಸದೆ, ಬರೀ ಆರತಿ ಎತ್ತಿ ಕೆಡಿಸಿದ್ದೆವು. ಈ ಎಂಜಿನಿಗೆ ಬೇಕಾದದ್ದು ನೀರಿನಷ್ಟು ತೆಳುವಾದ ಮೂರೂವರೆ ಲೀಟರ್ ಎಣ್ಣೆ, ಹೊತ್ತಿಗೆ ಸರಿಯಾಗಿ ಬದಲಿಸಿದ್ದು. ಮತ್ತು ಬೇಕಾದದ್ದು ದೂರದ ದಾರಿ. ಸ್ವಲ್ಪ ಹೊತ್ತು ಹೊತ್ತಿಸಿ ನಿಲ್ಲಿಸಿದರೆ ಮೈ ಕಾಯುವುದಿಲ್ಲ. ಕಾಯದ ಎಂಜಿನ್ನಿನಲ್ಲಿ ಸುಡದ ಇಂಧನ ಮತ್ತು ನೀರಿನ ಪಸೆ ಎಣ್ಣೆಗೆ ಇಳಿದು ಅದನ್ನು ಕೆಡಿಸುತ್ತದೆ. ನೀವು ದಿನಾ ಹತ್ತಿರದ ಸಂತೆಗಷ್ಟೇ ಓಡಿಸಿದ್ದರೂ ಇದೇ ರೋಗ ಬರುತ್ತಿತ್ತಂತೆ. ತೀರ್ಥಯಾತ್ರೆಯೇ ಆಕೆಯ ಆರೋಗ್ಯವಾಗಿತ್ತು ಅತ್ತಿ. ನಾವು ಆಕೆಯನ್ನು ಗುಡಿಯಲ್ಲಿ ಕೂರಿಸಿದೆವು.

ಇನ್ನೂ ಏನೇನು ಕೆಟ್ಟಿತ್ತೆಂದು ಹೇಳುತ್ತೇನೆ, ನಿಮ್ಮ ಕೈಯಲ್ಲಿ ಈಗ ಇರುವ ಆಕೆಗೆ ಉಪಯೋಗವಾಗಬಹುದು. ಗಾಳಿ ಒಳಬರುವ ಕದಗಳ ಬೆನ್ನಿಗೆ ಒಲೆಯ ಹಿಂಗೋಡೆಯ ಹಾಗೆ ಮಸಿ ಗಟ್ಟಿಯಾಗಿತ್ತು. ಇಂಧನ ನೇರವಾಗಿ ಗಡಿಗೆಯೊಳಗೇ ಚಿಮ್ಮುವುದರಿಂದ ಆ ಕದಗಳನ್ನು ತೊಳೆಯುವವರೇ ಇಲ್ಲ. ದಾದಾಪೀರ ತೆಂಗಿನ ಚಿಪ್ಪನ್ನು ಸಣ್ಣಗೆ ಕುಟ್ಟಿ, ಗಾಳಿಯ ಜೊತೆ ಊದಿ ಮಸಿ ಬಿಡಿಸಿದ. ಮೂರೂ ಗಡಿಗೆಯ ನೆತ್ತಿಯ ಮೇಲೆ ಕಿಡಿ ಕೊಡುವ ಸುರುಳಿಗಳಲ್ಲಿ ಎರಡು ಸತ್ತಿದ್ದವು, ಸೀಮೆಯ ವಿದ್ಯಾಶಾಲೆಯವರು ಸುತ್ತಿ ಕೊಟ್ಟರು. ಒಟ್ಟು ನಡೆಸುವ ಮಿದುಳುಪೆಟ್ಟಿಗೆಯನ್ನೂ ಅವರೇ ಹೊಸದು ಮಾಡಿದರು.

ಕೊನೆಗೆ ಮರುಉಸಿರಿನ ಚಕ್ರ ಬಿಚ್ಚುವಾಗ ನಾನು ಕಣ್ಣು ಮುಚ್ಚಿದ್ದೆ. ಈ ಜಾತಿಯ ಎಂಜಿನಿನಲ್ಲಿ ಮೊದಲು ಸಾಯುವುದೇ ಅದಂತೆ. ದೂರ ಓಡಿ ಬಂದ ಚಕ್ರ ಕೆಂಡದಂತೆ ಕಾದಿರುತ್ತದೆ. ಬಂದ ತಕ್ಷಣ ಕೀಲಿ ತಿರುಗಿಸಿ ನಿಲ್ಲಿಸಿದರೆ ಅದಕ್ಕೆ ಹೋಗುವ ಎಣ್ಣೆ ಅಲ್ಲೇ ನಿಂತು, ಮಿರ್ಚಿ ಕರಿದ ಬಾಣಲೆಯ ತಳದ ಹಾಗೆ ಕರಿಕಟ್ಟಿ, ಸಣ್ಣ ಕೊಳವೆ ಮುಚ್ಚಿಹೋಗುತ್ತದೆ. ಅದಕ್ಕೆ ನಿಂತ ಮೇಲೆಯೂ ಸ್ವಲ್ಪ ಹೊತ್ತು ಎಂಜಿನ್ನನ್ನು ಸುಮ್ಮನೆ ತಿರುಗಬಿಡಬೇಕು, ಬಿಸಿ ಇಳಿಯಲು.

ದಾದಾಪೀರ ಕೊಳವೆಯೊಳಗೆ ತಂತಿ ತೂರಿಸಿ ಹೊರಗೆ ಎಳೆದ. ತಂತಿಗೆ ಮಸಿ ಹತ್ತಿರಲಿಲ್ಲ. ಮತ್ತೊಮ್ಮೆ ತೂರಿಸಿದ. ಬೆರಳಿನಿಂದ ಚಕ್ರ ಮುಟ್ಟಿದ, ಅದು ಸುಂಯ್ ಎಂದು ತಿರುಗಿತು. ನಿಲ್ಲಲೇ ಇಲ್ಲ, ಎಷ್ಟೋ ಹೊತ್ತು ತಿರುಗುತ್ತಲೇ ಇತ್ತು. ಮಾತಿನ ಮಲ್ಲ ದಾದಾಪೀರ ತಂತಿ ಕೆಳಗಿಟ್ಟು ಕೈ ಒರೆಸಿಕೊಂಡ. ಆಮೇಲೆ ಅಂದ, “ಅಕ್ಕಾ, ಈ ಗಾಡಿ ಹೊಡದ ಹೆಣಮಗಳು ಒಂದ ದಿನಾನೂ ಗಡಿಬಿಡಿ ಮಾಡಿಲ್ರೀ. ಬಂದು ನಿಂತ ಮ್ಯಾಲ ಕುಂತಾಳ. ಪ್ರತಿ ಸಲ ಕುಂತಾಳ.”

ಅತ್ತಿ, ನಾನು ಆ ಮಾತನ್ನು ಅವನಿಂದ ಮತ್ತೊಮ್ಮೆ ಹೇಳಿಸಿದೆ. ಯಾಕೆಂದು ಹೇಳುತ್ತೇನೆ.

ನಮ್ಮೂರಲ್ಲಿ ಎಲ್ಲಿಂದಲೇ ಬರಲಿ, ಬಂಡಿ ನಿಂತ ಕೂಡಲೇ ಯಾರೂ ಇಳಿಯುವುದಿಲ್ಲ. ಕೈ ಮಡಿಚಿ ಕುಳಿತು, ವಿಠ್ಠಲನ ಒಂದು ನಾಮಾವಳಿ ಮುಗಿಸಿ, ಆಮೇಲೆ ಕಾಲು ನೆಲಕ್ಕೆ ಇಡುತ್ತೇವೆ. ಮದುವಣಗಿತ್ತಿ ಬಂದರೂ ಹಾಗೇ, ಬಾಣಂತಿ ಬಂದರೂ ಹಾಗೇ. ಸಿಟ್ಟಿನಿಂದ ಜಗಳಕ್ಕೆ ಬಂದವನೂ ಬಂಡಿಯಲ್ಲಿ ಕುಳಿತು ನಾಮಾವಳಿ ಮುಗಿಸಿಯೇ ಇಳಿಯುತ್ತಾನೆ, ಅಷ್ಟರಲ್ಲಿ ಅರ್ಧ ಜಗಳ ಆರಿರುತ್ತದೆ. ಬೇರೆ ಊರವರು ಆಡಿಕೊಳ್ಳುತ್ತಾರೆ, “ಕರಿಹೊಳಿಯವರ ಕಾಲಿಗೆ ಬೇರು ಬಿಟ್ಟಾವ” ಎಂದು. ನಾನು ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಬಂಡಿ ನಿಂತು, ಎಲ್ಲರೂ ಸುಮ್ಮನೆ ಕುಳಿತದ್ದು ನೋಡಿ ನನಗೆ ಅಳು ಬಂದಿತ್ತು, ಈ ಮನೆಯವರಿಗೆ ನಾನು ಬೇಡವಾದೆನೇನೋ ಎಂದು. ಯಾಕೆ ಹೀಗೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ದೇವರ ಸಂಪ್ರದಾಯ ಎಂದರು.

ಅದು ನೀವು. ಪಂಢರಪುರದಲ್ಲಿ ಗಾಡಿ ನಿಲ್ಲಿಸಿ, ಇಳಿಯಲು ತವಕಿಸುವ ಮುದುಕಿಯರಿಗೆ, ತಡೀರಿ, ಎಂಜಿನ್ ತಣ್ಣಗಾಗಲಿ, ಅಲ್ಲೀ ತನಕ ಒಂದು ನಾಮಾವಳಿ ಹೇಳ್ರಿ ಅಂದವರು ನೀವು. ಒಂದು ಪುಟ್ಟ ಚಕ್ರ ಸುಡದಿರಲೆಂದು ನೀವು ಕುಳಿತಿರಿ. ನಾವು ಇಷ್ಟು ತಲೆಮಾರು ನಿಮ್ಮ ಜೊತೆ ಕುಳಿತೆವು. ಎಂಜಿನ್ ಇಲ್ಲದ ಬಂಡಿಯಲ್ಲೂ ಕುಳಿತೆವು.

ಅವತ್ತಿನಿಂದ ನಿಮ್ಮನ್ನು ಕಾಣಬೇಕೆಂಬ ಹಂಬಲ ನನಗೆ ಹಿಡಿದಿದೆ. ನಿಮ್ಮ ಪಟವೂ ನಮ್ಮಲ್ಲಿ ಇಲ್ಲ. ನಾಮಾವಳಿ ಹೇಳುವಾಗ ಪಕ್ಕದ ಸೀಟಿನಲ್ಲಿ ಯಾರೋ ಇದ್ದಾರೆಂದು ತಿರುಗಿ ನೋಡುವ ಚಾಳಿ ಬಂದಿದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ನಾವು ಆಕೆಯನ್ನು ಮತ್ತೆ ಎಬ್ಬಿಸುತ್ತಿದ್ದೇವೆ, ಪೂಜೆಗಲ್ಲ, ದಾರಿಗೆ. ಸೀಮೆಯ ಹಿರಿಯರ ಬಾಗಿಲು ತುಳಿದು ತುಳಿದು, ಬರುವ ಮಾಘ ಏಕಾದಶಿಗೆ ಪಂಢರಪುರಕ್ಕೆ ಒಂದು ಪ್ರಯಾಣದ ಪರವಾನಗಿ ತಂದಿದ್ದೇನೆ. ನಮ್ಮ ಅತ್ತೆಯನ್ನು ಕೂರಿಸಿಕೊಂಡು ಹೋಗಬೇಕು. ಇನ್ನೊಂದು ವರ್ಷ ಕಾಯುವ ಶಕ್ತಿ ಅವರಲ್ಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಆಡುವುದಿಲ್ಲ. ಎಲ್ಲ ಸಿದ್ಧವಾಗಿದೆ, ಒಂದು ಬಿಟ್ಟು.

ಎಂಜಿನಿನ ಪಕ್ಕದಲ್ಲಿ, ಎಣ್ಣೆಯಲ್ಲೇ ಮುಳುಗಿ ಓಡುವ ಒಂದು ಹಲ್ಲಿನ ಪಟ್ಟಿ, ನಿಮ್ಮ ಟೈಮಿಂಗ್ ಬೆಲ್ಟ್, ಇದೆಯಲ್ಲ, ಕೆಳಗಿನ ಚಕ್ರವನ್ನೂ ಮೇಲಿನ ಎರಡು ಚಕ್ರಗಳನ್ನೂ ಕಟ್ಟಿಹಾಕುವುದು, ಕದಗಳು ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂದು ತಾಳ ಹಾಕುವುದು. ಈ ಎಂಜಿನಿನ ದೊಡ್ಡ ದೌರ್ಬಲ್ಯವೇ ಅದು. ತಪ್ಪು ಎಣ್ಣೆ ಬಿದ್ದರೆ, ಕೆಟ್ಟ ಎಣ್ಣೆ ಉಳಿದರೆ ಪಟ್ಟಿ ಮೆತ್ತಗಾಗಿ ಚೂರು ಉದುರುತ್ತದೆ. ಆ ಚೂರು ಎಣ್ಣೆ ಎಳೆಯುವ ಜರಡಿಗೆ ಸಿಕ್ಕು ಇಡೀ ಮೈಗೆ ಎಣ್ಣೆ ನಿಲ್ಲುತ್ತದೆ. ನಮ್ಮ ಎಳ್ಳೆಣ್ಣೆಯಲ್ಲಿ ಅದು ಅವಲಕ್ಕಿಯ ಹಾಗೆ ನೆನೆದು ಪುಡಿಯಾಗಿತ್ತು. ಹೊಸ ಪಟ್ಟಿಯನ್ನು ನಮ್ಮ ನೇಕಾರರು ಗಟ್ಟಿ ನೂಲು, ರಬ್ಬರಿನ ಹಾಲು ಸೇರಿಸಿ ಮಾಡಿದ್ದಾರೆ. ಕೈಯಲ್ಲಿ ಹಿಡಿದು ಜಗ್ಗಿ ನೋಡಿದೆ, ಇಳಕಲ್ ಸೆರಗಿನಂತೆ ಜೀವ ಇದೆ ಅದರಲ್ಲಿ.

ಆದರೆ ಹಳೆಯದು ಪುಡಿಯಾದಾಗ ಮೇಲಿನ ಚಕ್ರಗಳು ತಮ್ಮ ಜಾಗ ಬಿಟ್ಟು ತಿರುಗಿವೆ. ಅವು ಎಲ್ಲಿ ನಿಲ್ಲಬೇಕು ಎಂಬ ಗುರುತು ಎಂಜಿನ್ನಿನ ಮೇಲೆ ಇಲ್ಲ. ನಿಮ್ಮ ಕಾಲದ ಗ್ಯಾರೇಜಿನವರು ಏನೋ ಒಂದು ಕಬ್ಬಿಣದ ಅಚ್ಚು ಕೂರಿಸಿ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತಿದ್ದರಂತೆ. ಒಂದು ಹಲ್ಲು ತಪ್ಪಿದರೂ, ವೇಗ ಬಂದಾಗ ಗಡಿಗೆಯೊಳಗೆ ಮೇಲೆ ಕೆಳಗೆ ಆಡುವ ಕೊಂತ, ನೀವು ಪಿಸ್ಟನ್ ಅನ್ನುತ್ತಿದ್ದದ್ದು, ತೆರೆದ ಕದಕ್ಕೆ ಗುದ್ದಿ ಎರಡೂ ಮುರಿಯುತ್ತವೆ. ಮುರಿದರೆ ಮತ್ತೆ ಎರಕ ಹೊಯ್ಯುವವರಿಲ್ಲ. ದಾದಾಪೀರನೇನೋ ಎದೆ ತಟ್ಟಿಕೊಂಡು, “ಕಣ್ಣಳತಿಲೆ ಹಾಕತೀನ್ರಿ, ಬರೂದು ಬರಲಿ” ಅಂದ. “ಹೌದು ಬರ್ತೈತಿ, ನಿನ್ನ ಕಣ್ಣಳತಿಲೆ ಕಟ್ಟಿದ ನಿಮ್ಮನಿ ಗ್ವಾಡಿ ಬಂದಂಗ” ಅಂದೆ. ಆ ಗೋಡೆ ಕಳೆದ ಮಳೆಗಾಲ ಬಿದ್ದಿದೆ. ಅವನು ಪಟ್ಟಿಯನ್ನು ಮತ್ತೆ ಗೂಟಕ್ಕೆ ತೂಗುಹಾಕಿದ.

ನಿಮ್ಮ ಕಥೆಗಳಲ್ಲಿ ಒಂದು ಕಥೆ ಈ ಮನೆಗೆ ನಗುತ್ತ ನಗುತ್ತ ಬಂದಿದೆ. ಯಾರೋ ತಪ್ಪು ಎಣ್ಣೆ ಹಾಕಿದ್ದರಿಂದ ನಿಮ್ಮ ಪಟ್ಟಿಯನ್ನು ಬೇಗನೆ ಬದಲಿಸಬೇಕಾಯಿತು. ಗ್ಯಾರೇಜಿನ ಹುಡುಗ, “ಒಳಗ ಬಂದು ನೋಡ್ರಿ ಮೇಡಂ” ಎಂದು ಕರೆದಾಗ ನೀವು, “ನಾ ನೋಡಿ ಏನ್ ಮಾಡ್ಲೆಪಾ, ನೀ ಹಾಕು, ನಾ ಚಾ ಕುಡೀತೀನಿ” ಎಂದು ಹೊರಗೆ ಕುರ್ಚಿಯಲ್ಲಿ ಕುಳಿತಿರಂತೆ. ಅದು ಮೊದಲ ಸಲದ್ದು. ಆಮೇಲೆ ಕಾಲ ಕಳೆದು ಎರಡನೆಯ ಸಲ ಬದಲಿಸಿರಲೇಬೇಕು, ಪಟ್ಟಿಯ ಆಯುಷ್ಯ ಅಷ್ಟೇ. ಆ ಎರಡನೆಯ ಸಲದ ಕಥೆ ನಮಗೆ ಬಂದಿಲ್ಲ. ನಾನು ಆ ಎರಡನೆಯ ಸಲಕ್ಕಾಗಿ ಬರೆಯುತ್ತಿದ್ದೇನೆ.

ಅತ್ತಿ, ಆ ದಿನ ಚಹಾ ಬೇಡ. ಒಳಗೆ ಹೋಗಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನ ಪಕ್ಕದಲ್ಲಿ ನಿಲ್ಲಿ, ನಕ್ಕರೆ ನಗಲಿ. ಮೊದಲ ಗಡಿಗೆಯ ಕೊಂತ ಪೂರ್ತಿ ಮೇಲೆ ಬಂದು ನಿಂತಾಗ ಮೇಲಿನ ಎರಡು ಚಕ್ರಗಳು ಯಾವ ಕಡೆ ಮುಖ ಮಾಡಿವೆ, ಎರಡರ ನಡುವೆ ಪಟ್ಟಿಯ ಹಲ್ಲು ಎಷ್ಟು, ಅವರು ಅಚ್ಚು ಎಲ್ಲಿ ಕೂರಿಸುತ್ತಾರೆ, ಇಷ್ಟನ್ನು ನೋಡಿ ಬರೆಯಿರಿ. ಚಿತ್ರ ಚಂದ ಇರಬೇಕಾಗಿಲ್ಲ, ರಂಗೋಲಿಯ ಚುಕ್ಕಿಯ ಹಾಗೆ ಇಟ್ಟರೂ ನನಗೆ ತಿಳಿಯುತ್ತದೆ. ಶಾಯಿ ಅಳಿಸಿಹೋಗುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ. ತಾಮ್ರದ ತಟ್ಟೆಯ ಬೆನ್ನಿಗೆ ಮೊಳೆಯಿಂದ ಗೀರಿದರೆ ಇನ್ನೂ ಒಳ್ಳೆಯದು. ಬಾಯಿ ಬಿಗಿಯುವ ಡಬ್ಬಿಯಲ್ಲಿ ಹಾಕಿ, ತುಳಸಿ ಕಟ್ಟೆಯ ಹಿಂಬದಿಯ ಗೂಡಿನಲ್ಲಿ ಇಟ್ಟು, ಕಲ್ಲು ಮುಚ್ಚಿ ಸುಣ್ಣ ಮೆತ್ತಿಬಿಡಿ. ಆ ಕಟ್ಟೆ ನಿಮ್ಮ ಕಾಲದ್ದೇ, ಇಂದಿಗೂ ಅಲುಗಾಡಿಲ್ಲ.

ಒಂದು ಮಾತು ಹೇಳದೆ ಇರಲಾರೆ. ಊರಿನ ಉಳಿದ ಮನೆಗಳಲ್ಲಿ ಆ ಗೂಡು ಬಾಯಿ ತೆರೆದೇ ಇರುತ್ತದೆ, ದೀಪ ಇಡುತ್ತಾರೆ. ನಮ್ಮ ಮನೆಯದು ಮಾತ್ರ ಕಲ್ಲಿಟ್ಟು ಸುಣ್ಣ ಮೆತ್ತಿ ಮುಚ್ಚಿದೆ. ಎಂದಿನಿಂದ ಮುಚ್ಚಿದೆ ಎಂದು ಇದೀಗ ಅತ್ತೆಯನ್ನು ಕೇಳಿದೆ.

“ನಾ ಬರೂಕಿಂತ ಮೊದಲಿಂದನೂ ಹಂಗ ಐತಿ. ನಮ್ಮತ್ತಿ ಬರೂಕಿಂತ ಮೊದಲಿಂದನೂ ಹಂಗ ಐತಂತ. ಇಲಿ ಹೊಗತಾವಂತ ಮುಚ್ಚಿರಬೇಕ ಯಾರೋ” ಅಂದರು. ಮತ್ತೆ ತಾವೇ, “ಯಾಕ ಕೇಳತಿ?” ಅಂದರು. ನಾನು ಬರೆಯುತ್ತಲೇ ಇದ್ದೇನೆ. ಅವರ ಜಪಮಣಿ ಮಾತ್ರ ನಿಂತಿದೆ, ನನ್ನ ಕೈಯನ್ನೇ ನೋಡುತ್ತಿದ್ದಾರೆ.

ನೀವು ಉತ್ತರ ಬರೆದಿದ್ದರೆ ಅದು ಇನ್ನು ಬರಬೇಕಾದದ್ದಲ್ಲ, ಆಗಲೇ ಬಂದಿದೆ. ನಾನು ಈ ಮನೆಗೆ ಬಂದಾಗಿನಿಂದ ದಿನಾ ಆ ಕಟ್ಟೆಗೆ ನೀರೆರೆದು ಸುತ್ತು ಬಂದಿದ್ದೇನೆ. ಬರೆದಿಲ್ಲದಿದ್ದರೆ ಅದು ಇಲಿಗೆ ಮುಚ್ಚಿದ ಗೂಡು. ಅದಕ್ಕೇ ಇಷ್ಟು ದಿನ ಓಲೆ ಬರೆಯುವುದನ್ನು ಮುಂದೂಡಿದೆ. ಬರೆಯದಿರುವ ತನಕ ಎರಡೂ ನಿಜವಾಗಿರುತ್ತವೆ.

ಬರೆದು ಮುಗಿಯಿತು. ದೀಪದ ಮುಂದೆ ಓದಿದ್ದೂ ಆಯಿತು. ಈಗ ನಾನು ಏಳುವುದಿಲ್ಲ, ನಮ್ಮೂರ ಪದ್ಧತಿಯಂತೆ, ನಿಮ್ಮ ಪದ್ಧತಿಯಂತೆ, ಒಂದು ನಾಮಾವಳಿ ಮುಗಿಯುವ ತನಕ ಇಲ್ಲೇ ಕೂಡುತ್ತೇನೆ. ಅತ್ತೆಯೂ ಕೈ ಮಡಿಚಿ ಕುಳಿತಿದ್ದಾರೆ.

ಕಸ್ತೂರಿ, ನನ್ನ ಸೊಸೆ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೀ ಎಂದು ಗೊತ್ತು. ನಾಮಾವಳಿ ಮುಗಿದ ಮೇಲೆ ಒಲೆಯ ಪಕ್ಕದ ಉಳಿ ತಗೊಂಡು ಕಟ್ಟೆಯ ಹಿಂದೆ ಹೋಗು. ಸುಣ್ಣ ಮೆಲ್ಲಗೆ ಕೆರೆ, ತುಳಸಿಯ ಬೇರಿಗೆ ಪೆಟ್ಟಾಗದಿರಲಿ. ಗೂಡು ಬರಿದಾಗಿದ್ದರೆ ಏನೂ ಹೇಳಬೇಡ, ಬಂದು ನಮ್ಮ ಪಕ್ಕದಲ್ಲಿ ಕೂಡು. ಡಬ್ಬಿ ಇದ್ದರೆ ನನ್ನ ಉತ್ತರ ತಂದುಕೊಡು ಮಗಳೇ. ಮೊದಲು ನಮ್ಮ ಅತ್ತೆಯವರ ಕೈಗೆ ಕೊಡು.